ನೀರು ಮುಟ್ಟದ ಹಗ್ಗ

ಆ ಊರಲ್ಲಿ ಮಾತು ಕೊಡುವುದೆಂದರೆ ಬಾವಿಯ ಹಗ್ಗಕ್ಕೊಂದು ಗಂಟು ಹಾಕುವುದು. ಬರೀ ಬಾಯಿಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ಬಾಯಿ ಎಲ್ಲರಿಗೂ ಇತ್ತು, ಬಾವಿ ಒಂದೇ ಇತ್ತು.

ಕ್ರಮ ಹೀಗೆ. ಚಾವಡಿಯ ಯಜಮಾನ ಯಾರಿಗಾದರೂ ಏನನ್ನಾದರೂ ಕೊಡುತ್ತೇನೆ ಅಂದರೆ ಬಾವಿಕಟ್ಟೆಯ ಮೇಲೆ ನಿಂತು ಹಗ್ಗವನ್ನು ಕುಣಿಕೆ ಮಾಡಬೇಕು. ಮಾತು ಪಡೆದವರು ಆ ಕುಣಿಕೆಯೊಳಗೆ ಹೆಬ್ಬೆರಳು ಇಡಬೇಕು. ಯಜಮಾನ ಬಿಗಿಯಬೇಕು. ಬೆರಳು ತೆಗೆದ ಮೇಲೆ ಗಂಟಿನಲ್ಲಿ ಬೆರಳಿನಷ್ಟೇ ಒಂದು ತೂತು ಉಳಿಯುತ್ತಿತ್ತು. ಮಾತು ನಡೆದ ದಿನ ಅದೇ ಬೆರಳು ಬಂದು ಅದೇ ಗಂಟನ್ನು ಬಿಚ್ಚಬೇಕು. ಬೇರೆಯವರು ಮುಟ್ಟುವಂತಿಲ್ಲ.

ಗಂಟಿರುವ ಹಗ್ಗ ಬಾವಿಗೆ ಇಳಿಯುವಾಗ ರಾಟೆಯ ಮೇಲೆ ಸುಮ್ಮನೆ ಜಾರುತ್ತಿತ್ತು, ಏರುವಾಗ ಸಿಕ್ಕಿಕೊಳ್ಳುತ್ತಿತ್ತು. ಮಾತಿನ ಗುಣವೇ ಹಾಗೆ ಎನ್ನುತ್ತಿದ್ದರು ಊರಿನವರು. ಗಂಟು ಸಿಕ್ಕಿಕೊಂಡಾಗ ನೀರು ಸೇದುವವರು ನಿಲ್ಲಬೇಕು. ಇದು ಯಾರ ಗಂಟು, ಯಾವ ಮಾತು ಎಂದು ಊರಿಗೆ ಕೇಳುವಂತೆ ಹೇಳಬೇಕು. ಆಮೇಲೆ ಕೈಯಿಂದ ಎತ್ತಿ ರಾಟೆ ದಾಟಿಸಬೇಕು. "ಕುಂಬಾರರ ಮನೆ, ಸೂರಿಗೆ ಹೆಂಚು" ಎಂದು ಹೇಳಿ ದಾಟಿಸುವುದು. "ಅಗಸರ ಬೀದಿ, ಒಂದು ಮೋರಿ" ಎಂದು ಹೇಳಿ ದಾಟಿಸುವುದು. ಬಾವಿಕಟ್ಟೆಯಿಂದ ಚಾವಡಿಯ ಜಗುಲಿಗೆ ದನಿ ಚೆನ್ನಾಗಿ ಕೇಳುತ್ತಿತ್ತು. ದಿನಕ್ಕೆ ನೂರು ಸಲ ಒಂದೇ ಮೋರಿಯ ಸುದ್ದಿ ಕೇಳುವುದು ಯಾವ ಯಜಮಾನನಿಗೂ ಸುಖವಲ್ಲ. ಹಾಗಾಗಿ ಹೆಂಚು ಬರುತ್ತಿತ್ತು, ಮೋರಿ ಆಗುತ್ತಿತ್ತು, ಹಗ್ಗದಲ್ಲಿ ಯಾವ ಕಾಲಕ್ಕೂ ಎರಡು ಮೂರಕ್ಕಿಂತ ಹೆಚ್ಚು ಗಂಟು ಇರುತ್ತಿರಲಿಲ್ಲ.

ಆಮೇಲೆ ಬಾಗಿಲ ವರ್ಷ ಬಂತು.

ಉಸಿರು ಕಟ್ಟುವ ಜ್ವರ ಯಾವ ದಿಕ್ಕಿನಿಂದ ಬಂತೋ, ಎಲ್ಲರೂ ಬಾಗಿಲು ಹಾಕಿಕೊಂಡರು. ಒಬ್ಬರನ್ನೊಬ್ಬರು ಮುಟ್ಟಬಾರದೆಂದು ಚಾವಡಿಯಿಂದ ಡಂಗುರವಾಯಿತು. ಆದರೆ ಮಾತಂತೂ ಕೊಡಲೇಬೇಕಿತ್ತು; ಜನ ಕಿಟಕಿಯಿಂದ ಕೂಗುತ್ತಿದ್ದರು. ಯಜಮಾನ ಬಾವಿಯ ಹಗ್ಗವನ್ನೇ ಬಿಚ್ಚಿಸಿ, ಅದರ ತುದಿಯನ್ನು ಉದ್ದನೆಯ ಬಿದಿರಿಗೆ ಕಟ್ಟಿಸಿ, ಬೀದಿ ಬೀದಿ ಸುತ್ತಿದ. ಹೆಬ್ಬೆರಳು ಬೇಡ, ಕೈಗೆ ಸಿಕ್ಕಿದ್ದನ್ನು ಚಾಚಿ ಎಂದು ಡಂಗುರದವನು ಮುಂದೆ ಮುಂದೆ ಸಾರುತ್ತಾ ಹೋದ. ಜನ ಕಿಟಕಿಯಿಂದ ಸೌಟು ಚಾಚಿದರು, ಪೊರಕೆ ಕಡ್ಡಿ ಚಾಚಿದರು, ಬೀಗದ ಕೈ, ಪೆನ್ಸಿಲು, ಒಲೆ ಊದುವ ಕೊಳವೆ ಚಾಚಿದರು. ಯಜಮಾನ ದೂರದಿಂದಲೇ ಬಿಗಿದ. ಚಾಚಿದ್ದನ್ನು ಯಾರೂ ವಾಪಸು ಎಳೆದುಕೊಳ್ಳಲಿಲ್ಲ. ಎಳೆಯಲು ಯಾರಿಗೂ ಧೈರ್ಯವಿರಲಿಲ್ಲ. ಆ ವರ್ಷ ಊರು ಸೂರಿನ ಮಳೆನೀರು ಹಿಡಿದು ಕುಡಿಯಿತು. ವರ್ಷ ಮುಗಿಯುವಾಗ ಹಗ್ಗ ತುಂಬಾ ಗಂಟು, ಗಂಟು ತುಂಬಾ ಮನೆಸಾಮಾನು.

ಬಾಗಿಲುಗಳು ತೆರೆದ ಮೊದಲ ಬೆಳಿಗ್ಗೆ ಹಗ್ಗವನ್ನು ಬಾವಿಗೆ ಇಳಿಸಿದರು. ಕೊಡ ಇಳಿಯಿತು, ಇಳಿಯಿತು, ನಿಂತಿತು. ಕೆಳಗೆ ನೀರು ಕಾಣುತ್ತಿತ್ತು. ಕೊಡದ ನೆರಳು ನೀರಿನ ಮೇಲೆ ಬಿದ್ದಿತ್ತು. ಕೊಡ ನೀರು ಮುಟ್ಟಲಿಲ್ಲ. ಗಂಟುಗಳು ಹಗ್ಗವನ್ನು ಅಷ್ಟು ತಿಂದಿದ್ದವು.

ಈ ಹಗ್ಗವನ್ನು ಹೊಸೆದವಳು ಬಾವಿಯ ಹಿಂದಿನ ಬಯಲಲ್ಲಿದ್ದ ಹಗ್ಗದವಳು. ಊರಿಗೆ ಅವಳು ಹಗ್ಗದಕ್ಕ. ಅಕ್ಕ ಎನ್ನಲು ಅವಳಿಗೊಬ್ಬ ತಂಗಿ ಇದ್ದಳು. ಹಗ್ಗ ಹೊಸೆಯಲು ಇಬ್ಬರು ಬೇಕು: ಒಬ್ಬರು ನಿಂತಲ್ಲೇ ಹಿಡಿ ತಿರುಗಿಸಬೇಕು, ಇನ್ನೊಬ್ಬರು ಸೊಂಟಕ್ಕೆ ನಾರು ಸುತ್ತಿಕೊಂಡು, ನಾರು ಕೊಡುತ್ತಾ ಕೊಡುತ್ತಾ ಹಿಂದೆ ಹಿಂದೆ ನಡೆಯಬೇಕು. ಅಕ್ಕ ತಿರುಗಿಸುತ್ತಿದ್ದಳು, ತಂಗಿ ಹಿಂದೆ ನಡೆಯುತ್ತಿದ್ದಳು. ಮುಖ ಅಕ್ಕನ ಕಡೆಗೇ ಇರುತ್ತಿದ್ದುದರಿಂದ ಹರಟೆ ನಿಲ್ಲುತ್ತಿರಲಿಲ್ಲ. ದೂರ ಹೋದ ಹಾಗೆ ದನಿ ಏರುತ್ತಿತ್ತು ಅಷ್ಟೆ.

ಬಾಗಿಲ ವರ್ಷದಲ್ಲಿ ತಂಗಿಗೆ ಉಸಿರು ಕಟ್ಟಿತು. ಚಾವಡಿಯಲ್ಲಿ ಗಾಳಿಚೀಲಗಳಿವೆ, ಬಾಯಿಗಿಟ್ಟರೆ ಜೀವ ಉಳಿಯುತ್ತದೆ ಎಂಬ ಸುದ್ದಿಯಿತ್ತು. ಯಜಮಾನ ಬಿದಿರು ಹಿಡಿದು ಅವರ ಕಿಟಕಿಯ ಎದುರು ನಿಂತಾಗ ತಂಗಿ ಎದ್ದು ಬಂದು ತನ್ನ ಮರದ ಮೊಳೆಯನ್ನು ಚಾಚಿದಳು. ಹೊಸೆದ ಹಗ್ಗದ ಎಳೆ ಬಿಡಿಸಲು, ಹಗ್ಗಕ್ಕೆ ಹಗ್ಗ ಹೆಣೆಯಲು ಬೇಕಾದ ಮೊಳೆ. ಅವರಮ್ಮನ ಕಾಲದ್ದು, ಹಿಡಿದು ಹಿಡಿದು ನುಣುಪಾಗಿತ್ತು.

"ನಾಳೆ ಬೆಳಿಗ್ಗೆ ಗಾಳಿಚೀಲ ಬರುತ್ತಮ್ಮ" ಅಂದ ಯಜಮಾನ.

"ಸರಿಯಾಗಿ ಬಿಗೀರಿ ಯಜಮಾನ್ರೇ" ಅಂದಳು ತಂಗಿ, ಉಸಿರಿಗೆ ಉಸಿರು ಜೋಡಿಸಿಕೊಂಡು. "ಬೆರಳಿಗಿಂತ ಇದು ದಪ್ಪ. ಆಮೇಲೆ ಸಡಿಲ ಆಯ್ತು ಅನ್ನಬೇಡಿ."

ತಂಗಿ ಮೂರು ನಾಳೆ ಕಾದಳು. ನಾಲ್ಕನೆಯದನ್ನು ಕಾಯಲಿಲ್ಲ.

ಆಮೇಲೆ ಹಗ್ಗದಕ್ಕ ಹಗ್ಗದ ಒಂದು ತುದಿಯನ್ನು ಕಲ್ಲುಗಂಬಕ್ಕೆ ಕಟ್ಟಿ, ತಾನೇ ಹಿಂದೆ ಹಿಂದೆ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಳು. ಕಂಬ ಹರಟುತ್ತಿರಲಿಲ್ಲ.

*

ನೀರು ಮುಟ್ಟದ ಹಗ್ಗದ ಬಗ್ಗೆ ಚಾವಡಿ ಮೊದಲು ಒಂದು ಸಮಿತಿ ಮಾಡಿತು. ಸಮಿತಿ ಬಾವಿಯನ್ನು ಸುತ್ತಿ ನೋಡಿ, ಹಗ್ಗ ಸರಿಯಾಗಿದೆ, ನೀರು ಕೆಳಗೆ ಹೋಗಿದೆ ಎಂದು ಹೇಳಿತು. ನೀರಿಗೆ ಒಂದು ತಿಳುವಳಿಕೆಯ ಓಲೆ ಬರೆದು ಕಲ್ಲು ಕಟ್ಟಿ ಬಾವಿಗೆ ಹಾಕಿದರು. ನೀರು ಉತ್ತರಿಸಲಿಲ್ಲ. ಅಷ್ಟರಲ್ಲಿ ಐದು ತಿಂಗಳಾಗಿತ್ತು. ಜನ ಎರಡು ಹರದಾರಿ ನಡೆದು ಸವಳು ಕುಂಟೆಯ ನೀರು ಹೊರುತ್ತಿದ್ದರು. ಆ ನೀರಲ್ಲಿ ಬೇಳೆ ಬೇಯುತ್ತಿರಲಿಲ್ಲ.

ಕೊನೆಗೆ ಬಾವಿಕಟ್ಟೆಯಲ್ಲಿ ಚರ್ಚೆ ಕರೆದರು. ಚಾವಡಿಯ ಪರವಾಗಿ ಅರ್ಥ ಹೇಳುವವನು ಬಂದ. ಯಜಮಾನನ ಮಾತಿಗೆ ಅರ್ಥ ಹೇಳುವುದು ಅವನ ವಂಶದ ಕೆಲಸ. ಯಜಮಾನ ಪಕ್ಕದಲ್ಲಿ ಕೂತು ಕೈಬೆರಳು ನೋಡಿಕೊಳ್ಳುತ್ತಿದ್ದ.

"ಗಂಟು ಎಂದರೇನು?" ಎಂದು ಶುರುಮಾಡಿದ ಅರ್ಥ ಹೇಳುವವನು. "ಹೆಬ್ಬೆರಳಿಟ್ಟು ಬಿಗಿದದ್ದು ಗಂಟು. ಹೆಬ್ಬೆರಳಿಲ್ಲದ್ದು ಬರೀ ಸಿಕ್ಕು. ಈ ಹಗ್ಗದಲ್ಲಿ ಸಿಕ್ಕುಗಳಿವೆ. ಗಂಟು ಒಂದೂ ಇಲ್ಲ. ಅಂದರೆ ಚಾವಡಿ ನಡೆಸದ ಮಾತು ಒಂದೂ ಇಲ್ಲ. ಊರಿಗೆ ಅಭಿನಂದನೆಗಳು."

ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿ ಎದ್ದಳು. ಅವಳನ್ನು ಈಗ ಎಲ್ಲರೂ ಸೌಟಿನ ಅಜ್ಜಿ ಎನ್ನುತ್ತಿದ್ದರು.

"ಏನಪ್ಪಾ, ನನಗೆ ವಾರಕ್ಕೊಂದು ಸೇರು ಅಕ್ಕಿ ಅಂದಿದ್ರಿ. ನನ್ನ ಸೌಟು ಅಲ್ಲೇ ನೇತಾಡ್ತಿದೆ, ನೋಡು. ಒಂದು ವರ್ಷದಿಂದ ಸಾರನ್ನ ಲೋಟದಲ್ಲಿ ಬಡಿಸ್ಕೋತಿದೀನಿ."

"ಅಜ್ಜಿ, ಗಂಟಿನೊಳಗೆ ಇರೋದು ನೀವಾ, ಸೌಟಾ?"

"ಸೌಟು."

"ಹಾಗಾದ್ರೆ ಚಾವಡಿ ಮಾತು ಕೊಟ್ಟಿದ್ದು ಸೌಟಿಗೆ. ಸೌಟು ಬಂದು ಕೇಳ್ಲಿ, ಕೊಡೋಣ."

ಕೆಲವರು ನಕ್ಕರು. ನಕ್ಕವರಲ್ಲಿ ಇಬ್ಬರು ಮೂವರ ಬೀಗದ ಕೈಗಳೂ ಹಗ್ಗದಲ್ಲಿದ್ದವು. ಅರ್ಥ ಹೇಳುವವನ ಮಾತು ಕೇಳಲು ಸೊಗಸಾಗಿರುತ್ತಿತ್ತು.

ಹಗ್ಗದಕ್ಕ ಕೂತಲ್ಲಿಂದಲೇ ಕೇಳಿದಳು. "ಹೆಬ್ಬೆರಳು ಬೇಡ ಅಂದೋರು ನೀವೇ ಅಲ್ವಾ ಸ್ವಾಮಿ?"

"ಬೇಡ ಅಂದೆವು. ನಿಜ. ಬದಲಿಗೆ ಬೇರೆ ಏನಾದ್ರೂ ಆಗುತ್ತೆ ಅಂದೆವಾ?"

"ಅಂದ್ರಿ. ಡಂಗುರ ಹೊಡೆಸಿ ಅಂದ್ರಿ."

ಎಲ್ಲರೂ ಡಂಗುರದವನ ಕಡೆ ತಿರುಗಿದರು. ಅವನು ತನ್ನ ತಮಟೆಯನ್ನು ನೋಡಿದ. "ನಾನು ಬಡಿದದ್ದು ನೆನಪಿದೆ" ಅಂದ. "ಏನು ಹೇಳ್ದೆ ಅನ್ನೋದು ನೆನಪಿಲ್ಲ. ಬಡಿಯೋ ಸದ್ದಿಗೆ ನಂಗೆ ನಂದೇ ಕೇಳ್ಸಲ್ಲ."

ಚರ್ಚೆ ಮೂರು ದಿನ ನಡೆಯಿತು. ಮೂರನೆಯ ದಿನ ಅರ್ಥ ಹೇಳುವವನು ತೀರ್ಮಾನ ಓದಿದ. ಹುಣ್ಣಿಮೆಯ ಬೆಳಿಗ್ಗೆ ಬಾವಿಗೆ ಹೊಸ ಹಗ್ಗ. ಯಜಮಾನರೇ ಮೊದಲ ಕೊಡ ಸೇದುತ್ತಾರೆ. ಸಿಕ್ಕುಗಟ್ಟಿದ ಹಳೆಯ ಹಗ್ಗವನ್ನು ಅಳತೆಗೆಂದು ಹಗ್ಗದವಳಿಗೆ ಕೊಡುವುದು. ಅಳತೆಯಾದ ಮೇಲೆ ಅದನ್ನು ಬಾವಿಕಟ್ಟೆಯಲ್ಲೇ, ಎಲ್ಲರ ಎದುರು, ಗೌರವದಿಂದ ಸುಡುವುದು.

"ಗಂಟಿರೋ ಹಗ್ಗವನ್ನ ಹೇಗೆ ಅಳೀಲಿ?" ಎಂದು ಕೇಳಿದಳು ಹಗ್ಗದಕ್ಕ.

"ಗಂಟು ಇಲ್ಲ ಅಂದುಕೊಂಡು ಅಳಿ."

ಹಳೆಯ ಹಗ್ಗಕ್ಕೆ ಗಂಟಿರುವ ತನಕ ಹೊಸ ಹಗ್ಗ ಹಾಕಬಾರದು ಎಂಬ ನೇಮವಿತ್ತು. ಆದರೆ ಈಗ ಗಂಟೇ ಇಲ್ಲವಲ್ಲ. ಜನ ಕೊಡ ಎತ್ತಿಕೊಂಡು ಕುಂಟೆಯ ಕಡೆ ಹೊರಟರು.

*

ಹಳೆಯ ಹಗ್ಗ ಅಂಗಳದಲ್ಲಿ ಸುರುಳಿಯಾಗಿ ಬಿದ್ದಿತ್ತು, ಯಾರೋ ಮನೆ ಖಾಲಿ ಮಾಡಿ ಹೋದ ಹಾಗೆ ಸೌಟು, ಚಿಮಟ, ಪೆನ್ಸಿಲು ಎಲ್ಲ ಹೊರಗೆ ಮುಖ ಮಾಡಿಕೊಂಡು. ಹಗ್ಗದಕ್ಕ ಎರಡು ದಿನ ನಾರು ಮುಟ್ಟಲಿಲ್ಲ. ಹೊಸ ಹಗ್ಗ ಹೊಸೆದರೆ ತಂಗಿಯ ಗಂಟು ಬೆಂಕಿಗೆ ಹೋಗುತ್ತದೆ. ಹೊಸೆಯದಿದ್ದರೆ ಊರಿಗೆ ನೀರಿಲ್ಲ. ಸುಟ್ಟ ಮೇಲೆ ಅಂಥದೊಂದು ಮಾತು ಕೊಟ್ಟದ್ದಕ್ಕೆ, ಅಂಥವಳೊಬ್ಬಳು ಕಾದದ್ದಕ್ಕೆ ಊರಲ್ಲಿ ಸಾಕ್ಷಿ ಏನೂ ಉಳಿಯುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳಿ ಮಕ್ಕಳ ತಾಯಿ ಬಂದಳು. ಕುಂಟೆಯಿಂದ ಬರುತ್ತಿದ್ದಳು, ಸೊಂಟದಲ್ಲಿ ಕೊಡ, ಸೀರೆ ಒದ್ದೆ. ಕೊಡ ಇಳಿಸಲಿಲ್ಲ.

"ಹೊಸೆಯೋಕೆ ಶುರುನೇ ಮಾಡಿಲ್ವಾ ಅಕ್ಕ?"

"ಇಲ್ಲ."

"ನನ್ನ ಮಕ್ಕಳಿಗೆ ಆ ನೀರು ಕುಡಿದು ಭೇದಿ ಹತ್ತಿದೆ. ನಿನ್ನ ತಂಗಿ ಗಂಟಿಗೆ ನನ್ನ ಮಕ್ಕಳು ಸಾಯ್ಬೇಕಾ? ಹೋದೋರು ಹೋದ್ರು. ಇದ್ದೋರ ಗಂಟಲು ಒಣಗಬಾರ್ದು. ಅವಳು ಇದ್ದಿದ್ರೆ ಅವಳೂ ಇದನ್ನೇ ಹೇಳ್ತಿದ್ಲು."

"ಹೇಳ್ತಿದ್ಲು" ಅಂದಳು ಹಗ್ಗದಕ್ಕ. "ಅವಳಿಗೆ ಎಲ್ಲಾದ್ಕೂ ಅವಸರ."

ಅವಳಿಗಳ ತಾಯಿ ಇನ್ನೂ ಬೈಯಬೇಕೆಂದು ಬಾಯಿ ತೆರೆದಳು. ಕಣ್ಣು ಸುರುಳಿಯ ಮೇಲೆ ಹೋಯಿತು. ಆಮೇಲೆ ಕೊಡ ಇಳಿಸಿದಳು.

"ನಮ್ಮನೆಯವರದ್ದು ಪೊರಕೆ ಕಡ್ಡಿ. ಎಲ್ಲಿದೆ?"

ಇಬ್ಬರೂ ಕೂತು ಹಗ್ಗವನ್ನು ಕೈಯಿಂದ ಕೈಗೆ ದಾಟಿಸುತ್ತಾ ಹುಡುಕಿದರು. ಪೊರಕೆ ಕಡ್ಡಿ ಬೇಕಾದಷ್ಟಿದ್ದವು. ಆದರೂ ಅವಳಿಗೆ ತನ್ನದು ಗೊತ್ತಾಯಿತು. ಕಡ್ಡಿಯ ತುದಿಯನ್ನು ತೀರಿಹೋದ ಗಂಡ ಹಲ್ಲಲ್ಲಿ ಕಚ್ಚುತ್ತಿದ್ದನಂತೆ. ಆ ಗಂಟನ್ನು ಮುಟ್ಟಲಿಲ್ಲ. ಪಕ್ಕದ ಹಗ್ಗವನ್ನು ಸವರಿದಳು.

"ಇದೂ ಇರ್ಬೇಕು, ನೀರೂ ಬರ್ಬೇಕು ಅಂದ್ರೆ ಏನು ಮಾಡ್ತಾರೆ ಅಕ್ಕ?" ಎಂದು ಕೇಳಿದಳು, ಸಾರಿಗೆ ಉಪ್ಪು ಹೆಚ್ಚಾದರೆ ಏನು ಮಾಡುತ್ತಾರೆ ಎಂದು ಕೇಳುವವರ ಹಾಗೆ.

ಹಗ್ಗದಕ್ಕ ಅವಳ ಮುಖ ನೋಡಿದಳು. ಗಂಟಿರುವ ಹಗ್ಗವನ್ನು ಬದಲಿಸಬಾರದು ಎಂಬ ನೇಮವಿತ್ತು. ಉದ್ದ ಮಾಡಬಾರದು ಎಂಬ ನೇಮ ಇರಲಿಲ್ಲ. ಅಷ್ಟೊಂದು ಮಾತು ಕೊಡುವ ಯಜಮಾನ ಹುಟ್ಟುತ್ತಾನೆಂದು ಹಿರಿಯರಿಗೆ ಹೊಳೆದಿರಲಿಲ್ಲ, ಹಾಗಾಗಿ ಅದರ ಬಗ್ಗೆ ಏನೂ ಹೇಳದೆ ಸತ್ತಿದ್ದರು.

"ಈ ತುದಿ ಹಿಡ್ಕೋ" ಅಂದಳು.

ಅವಳಿಗಳ ತಾಯಿ ಹಿಡಿ ತಿರುಗಿಸಿದಳು. ಹಗ್ಗದಕ್ಕ ಸೊಂಟಕ್ಕೆ ಕತ್ತಾಳೆ ನಾರು ಸುತ್ತಿಕೊಂಡು ಹಿಂದೆ ಹಿಂದೆ ನಡೆದಳು. ಗಂಟುಗಳು ತಿಂದಷ್ಟು ಉದ್ದಕ್ಕೆ ಹೊಸ ಹಗ್ಗವಾಗುವ ಹೊತ್ತಿಗೆ ಹುಣ್ಣಿಮೆಗೆ ಒಂದೇ ದಿನ ಉಳಿದಿತ್ತು. ಇನ್ನು ಹಳೆಯದಕ್ಕೆ ಹೊಸದನ್ನು ಹೆಣೆಯಬೇಕು. ಎಳೆಯ ನಡುವೆ ಎಳೆ ತೂರಿಸಿ ಹೆಣೆಯಲು ಮರದ ಮೊಳೆ ಬೇಕು. ಮೊಳೆ ತಂಗಿಯ ಗಂಟಿನಲ್ಲಿತ್ತು. ಅಂಥದ್ದನ್ನು ಮಾಡಿಕೊಡುತ್ತಿದ್ದ ಬಡಗಿಯೂ ಬಾಗಿಲ ವರ್ಷ ದಾಟಿರಲಿಲ್ಲ; ಅವನ ಗಂಟೂ ಅದೇ ಹಗ್ಗದಲ್ಲಿ, ನಾಲ್ಕು ಗೇಣು ಆಚೆ.

"ತೆಗಿ ಅಕ್ಕ" ಅಂದಳು ಅವಳಿಗಳ ತಾಯಿ. "ಮಿಕ್ಕ ಎಲ್ಲಾರದ್ದೂ ಉಳಿಯುತ್ತೆ. ಕೆಲಸ ಆದ್ಮೇಲೆ ವಾಪಸ್ ಸಿಗಿಸಿದ್ರಾಯ್ತು. ಯಾರಿಗೆ ಗೊತ್ತಾಗುತ್ತೆ?"

ಹಗ್ಗದಕ್ಕ ಮೊಳೆಯನ್ನು ಹಿಡಿದಳು. ಅದು ತುಸು ಅಲ್ಲಾಡಿತು. ತೆಗೆದರೆ ಅಲ್ಲಿ ಉಳಿಯುವುದು ಒಂದು ತೂತು, ಯಾರದ್ದೂ ಅಲ್ಲದ ತೂತು. ಆಗ ಅದನ್ನು ಸಿಕ್ಕು ಎಂದರೆ ಅರ್ಥ ಹೇಳುವವನು ಸುಳ್ಳು ಹೇಳಿದ ಹಾಗಾಗುವುದಿಲ್ಲ.

"ನಂಗೆ ಗೊತ್ತಾಗುತ್ತೆ" ಅಂದಳು. ಮೊಳೆ ಬಿಟ್ಟಳು. ತನ್ನ ಬಲಗೈ ಹೆಬ್ಬೆರಳನ್ನು ಹಳೆಯ ಹಗ್ಗದ ಎಳೆಗಳ ನಡುವೆ ತೂರಿಸಿದಳು.

ಒಣಗಿ ಬಿಗಿದ ಹಗ್ಗ ಮಾಂಸಕ್ಕೆ ದಾರಿ ಬಿಡುವುದಿಲ್ಲ. ಎಳೆ ಬಿಡಿಸಿ, ಹೊಸ ಎಳೆ ತೂರಿಸಿ, ಎಳೆದು, ಮತ್ತೆ ಬಿಡಿಸಿ. ಬಿಸಿಲು ಏರುವ ಹೊತ್ತಿಗೆ ಉಗುರು ಹೋಯಿತು. ಅವಳಿಗಳ ತಾಯಿ ಅರಿಸಿನ ತಂದಳು. ಹೆಣಿಗೆಯಲ್ಲಿ ಒಂದು ಮೊಳದಷ್ಟು ಜಾಗ ಕೆಂಪು, ಅದರ ಮೇಲೆ ಹಳದಿ.

"ಹೆಬ್ಬೆರಳು ಬೇಕು ಅಂದಿದ್ರಲ್ಲ" ಅಂದಳು ಹಗ್ಗದಕ್ಕ. "ಇಟ್ಟಿದೀನಿ."

*

ಹುಣ್ಣಿಮೆಯ ಬೆಳಿಗ್ಗೆ ಊರೆಲ್ಲ ಕೊಡ ಹಿಡಿದು ಬಾವಿಕಟ್ಟೆಯಲ್ಲಿ ಸಾಲು ನಿಂತಿತು. ಒಂದು ಕಡೆ ಹಳೆಯ ಹಗ್ಗ ಸುಡಲು ಸೌದೆ ಒಟ್ಟಿತ್ತು. ಕಟ್ಟೆಯ ಮೇಲೆ ಹೂವಿನ ರಾಶಿ ಹೊತ್ತ ದೊಡ್ಡ ಸುರುಳಿ. ಡಂಗುರದವನು ಬೆಳಿಗ್ಗೆಯೇ ಬಂದು ಹೂವನ್ನು ಕೈತುಂಬಾ ಸುರಿದಿದ್ದ. ಸುರಿಯುವಾಗ ಕೆಳಗೇನಿದೆ ಎಂದು ನೋಡಿದನೋ ಇಲ್ಲವೋ, ಅವನ ನೆನಪು ಮೊದಲೇ ಹೇಳಿದ ಹಾಗೆ. ಹೊಸ ನಾರಿನ ಬಿಳಿ ತುದಿಯೊಂದು ಮಾತ್ರ ಹೊರಗೆ ಕಾಣುತ್ತಿತ್ತು.

ತಮಟೆ ಬಡಿಯಿತು. ಯಜಮಾನ ಆ ಬಿಳಿ ತುದಿಯನ್ನು ಕೈಗೆ ಸುತ್ತಿಕೊಂಡು ಕೊಡವನ್ನು ಬಾವಿಗೆ ಬಿಟ್ಟ.

ಹೂ ಚೆಲ್ಲಿತು. ಬೀಗದ ಕೈ ಹೋಯಿತು, ಊದುಗೊಳವೆ ಹೋಯಿತು, ಚಿಮಟ, ಪೊರಕೆ ಕಡ್ಡಿ, ಸೌಟು, ಟಕ ಟಕ ಟಕ ಎಂದು ರಾಟೆಯ ಮೇಲೆ ಜಾರುತ್ತಾ ಒಂದರ ಹಿಂದೆ ಒಂದು ಬಾವಿಗೆ ಇಳಿದವು. ಅವು ಮುಗಿದ ಮೇಲೆ ಕೆಂಪು ಹಳದಿಯ ಹೆಣಿಗೆ, ಅದರ ಹಿಂದೆ ಹೊಸ ಬಿಳಿ ಹಗ್ಗ.

"ನಿಲ್ಸಿ!" ಎಂದ ಅರ್ಥ ಹೇಳುವವನು. "ಇದು ಹೊಸ ಹಗ್ಗ ಅಲ್ಲ!"

ಅಷ್ಟರಲ್ಲಿ ಕೆಳಗಿನಿಂದ ಒಂದು ಸದ್ದು ಬಂತು. ಕೊಡ ನೀರಿಗೆ ಬಿದ್ದ ಸದ್ದು. ಆಮೇಲೆ ಕೊಡ ಗುಳುಗುಳು ಎಂದು ತುಂಬಿಕೊಳ್ಳುವ ಸದ್ದು. ಬಾಗಿಲ ವರ್ಷದಿಂದ ಆ ಊರು ಅದನ್ನು ಕೇಳಿರಲಿಲ್ಲ. ತಮಟೆ ತಾನಾಗಿ ನಿಂತಿತು. ಇನ್ನು ಯಜಮಾನನ ಕೈಯಿಂದ ಆ ಹಗ್ಗ ಬಿಡಿಸಲು ಯಾರಿಂದಲೂ ಸಾಧ್ಯವಿರಲಿಲ್ಲ. ಹಗ್ಗ ಬಿಡಲು ಅವನಿಂದಲೂ ಸಾಧ್ಯವಿರಲಿಲ್ಲ.

ಯಜಮಾನ ಸೇದಿದ. ಹೊಸ ಹಗ್ಗ ಸಲೀಸಾಗಿ ಬಂತು. ಅವನ ಮುಖ ಸ್ವಲ್ಪ ಸಡಿಲವಾಯಿತು. ಹೆಣಿಗೆ ಬಂತು, ಅಂಗೈಗೆ ಅರಿಸಿನ ಹತ್ತಿತು. ಆಮೇಲೆ ಮೊದಲ ಗಂಟು ರಾಟೆಗೆ ಸಿಕ್ಕಿ ನಿಂತಿತು.

"ಅದು ಸಿಕ್ಕು" ಅಂದ ಅರ್ಥ ಹೇಳುವವನು. "ಏನೂ ಹೇಳಬೇಕಿಲ್ಲ. ಎಳೀರಿ."

ಯಜಮಾನ ಎಳೆದ. ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಗಂಟಿಗೂ ಸಿಕ್ಕಿಗೂ ಇರುವ ವ್ಯತ್ಯಾಸವನ್ನು ರಾಟೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಸೌಟು ಕೇಳೋಕೆ ಬಂದಿದೆ" ಅಂದಳು ಸೌಟಿನ ಅಜ್ಜಿ. "ಮಾತಾಡ್ಸಪ್ಪಾ."

ಯಜಮಾನ ಅರ್ಥ ಹೇಳುವವನನ್ನು ನೋಡಿದ. ಅವನು ಬಾವಿಯ ಕಡೆ ನೋಡುತ್ತಿದ್ದ. ಅವನ ಮನೆಯಲ್ಲೂ ಐದು ತಿಂಗಳಿಂದ ಬೇಳೆ ಬೆಂದಿರಲಿಲ್ಲ. ಯಜಮಾನ ಗಂಟಲು ಸರಿಮಾಡಿಕೊಂಡ.

"ಅಜ್ಜಿಯ ಮನೆ. ವಾರಕ್ಕೊಂದು ಸೇರು ಅಕ್ಕಿ."

"ಬಂತಾ?" ಎಂದು ಸಾಲಿನಿಂದ ಕೇಳಿದಳು ಅವಳಿಗಳ ತಾಯಿ. ಹಾಗೆ ಕೇಳುವುದು ನೇಮದಲ್ಲಿ ಇರಲಿಲ್ಲ. ಆದರೆ ಕೇಳಿದ ಮೇಲೆ ಅದು ಮೊದಲಿಂದಲೂ ಇತ್ತೇನೋ ಅನ್ನಿಸಿತು.

"ಇಲ್ಲ" ಅಂದ ಯಜಮಾನ. ಗಂಟನ್ನು ಎತ್ತಿದ. ದಾಟಿತು.

ಪೊರಕೆ ಕಡ್ಡಿ. ಬೀಗದ ಕೈ. ಬಡಗಿಯ ಕೊರೆಮೊಳೆ. ಅವನು ಮರೆತಾಗ ಸಾಲಿನಲ್ಲಿ ಯಾರೋ ಹೇಳಿಕೊಟ್ಟರು. ಮಗ್ಗಿ ತಪ್ಪಿದ ಮಗುವಿಗೆ ಹೇಳಿಕೊಡುವಷ್ಟೇ ತಾಳ್ಮೆಯಿಂದ. ಬಂತಾ? ಇಲ್ಲ. ಬಂತಾ? ಅರ್ಧ ಬಂತು. ಬಂತಾ? ಇಲ್ಲ. ಸೂರ್ಯ ನೆತ್ತಿಗೆ ಬಂದ. ಯಜಮಾನನ ಅಂಗೈಯ ಸಿಪ್ಪೆ ಎದ್ದಿತ್ತು. ಕೊಡ ಅರ್ಧ ಬಾವಿಯಲ್ಲಿ ನೇತಾಡುತ್ತಾ ತೊಟ್ಟಿಕ್ಕುತ್ತಿತ್ತು.

ಆಮೇಲೆ ಮರದ ಮೊಳೆಯ ಗಂಟು ಬಂದು ನಿಂತಿತು.

ಯಜಮಾನ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಸಾಲು ಹಗ್ಗದಕ್ಕನ ಕಡೆ ತಿರುಗಿತು. ಅವಳು ಬಟ್ಟೆ ಸುತ್ತಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದಳು. ಹೇಳಿಕೊಡಲಿಲ್ಲ. ತೊಟ್ಟು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.

"ಮರೆತ್ರಾ ಯಜಮಾನ್ರೇ?" ಅಂದಳು ಕೊನೆಗೆ.

ಅವನು ಇಲ್ಲವೆಂದು ತಲೆಯಾಡಿಸಿದ.

"ಹಗ್ಗದವರ ಮನೆ ಕಿಟಕಿ" ಅಂದ. ದನಿ ಇಳಿದಿತ್ತು. ನೇಮದ ಪ್ರಕಾರ ಊರಿಗೆ ಕೇಳಬೇಕು, ಮತ್ತೆ ಹೇಳಿದ. "ಹಗ್ಗದವರ ಮನೆ ಕಿಟಕಿ. ಗಾಳಿಚೀಲ. ನಾಳೆ ಬೆಳಿಗ್ಗೆ." ಯಾರೂ ಕೇಳದಿದ್ದರೂ, "ಸರಿಯಾಗಿ ಬಿಗೀರಿ ಅಂದಿದ್ಲು" ಅಂದ.

"ಬಂತಾ?" ಎಂದು ಈ ಸಲ ಹಗ್ಗದಕ್ಕನೇ ಕೇಳಿದಳು.

"ಇಲ್ಲ."

ಅವನು ಗಂಟನ್ನು ಎರಡೂ ಕೈಯಿಂದ ಎತ್ತಿದ. ದಾಟಿತು.

ಕೊಡ ಮೇಲೆ ಬಂದಾಗ ಅದರಲ್ಲಿ ಮುಕ್ಕಾಲು ನೀರಿತ್ತು. ಯಜಮಾನ ಒಣಗಿದ ತುಟಿ ಸವರಿಕೊಂಡು ಬೊಗಸೆ ಒಡ್ಡಿದ. ಸೌಟಿನ ಅಜ್ಜಿ ಕೊಡವನ್ನು ತನ್ನ ಕಡೆಗೆ ಎಳೆದುಕೊಂಡು, "ಪಾಳಿ ಇದೆಯಪ್ಪಾ" ಅಂದಳು.

ಸೌದೆಯನ್ನು ಜನ ಹಂಚಿಕೊಂಡು ಮನೆಗೆ ಒಯ್ದರು. ಅಂದು ಊರಲ್ಲಿ ಬೇಳೆ ಬೆಂದಿತು.

ಆಮೇಲೂ ಆ ಹಗ್ಗವೇ ಇದೆ. ಒಂದು ಕೊಡ ನೀರಿಗೆ ಇಷ್ಟು ಹೊತ್ತು ಬೇಕೇ ಎಂದು ಪರ ಊರಿನವರು ಬೇಸರಪಡುತ್ತಾರೆ. ಅಕ್ಕಿ ಬಂತು, ಅಜ್ಜಿಯ ಸೌಟು ಅಜ್ಜಿಗೆ ಸಿಕ್ಕಿತು. ಇನ್ನೂ ಕೆಲವು ಗಂಟು ಬಿಚ್ಚಿದವು. ಬಿಚ್ಚುವ ಬೆರಳಿಲ್ಲದವು ಉಳಿದವು. ಮುಂದಿನ ವರ್ಷ ಯಜಮಾನ ಭಾಷಣಕ್ಕೆಂದು ಕಟ್ಟೆ ಹತ್ತಿದ. ಜನ ಕಾದರು. ಅವನು ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡು, "ನೋಡೋಣ" ಎಂದು ಕೆಳಗಿಳಿದ. ಅವನು ಮಾಡಿದ ಒಳ್ಳೆಯ ಭಾಷಣ ಅದೇ ಎಂದು ಈಗಲೂ ಹೇಳುತ್ತಾರೆ.

ಹಗ್ಗದಕ್ಕನ ಹೆಬ್ಬೆರಳಿಗೆ ಉಗುರು ಮತ್ತೆ ಬರಲಿಲ್ಲ. ಬೆಳಿಗ್ಗೆ ಹೊತ್ತು ಅವಳಿಗಳ ತಾಯಿ ಬಂದು ಹಿಡಿ ತಿರುಗಿಸುತ್ತಾಳೆ. ಬಾಯಿ ಸುಮ್ಮನಿರುವ ಹೆಂಗಸಲ್ಲ. ಹಗ್ಗದಕ್ಕ ನಾರು ಕೊಡುತ್ತಾ ಹಿಂದೆ ಹಿಂದೆ ನಡೆಯುತ್ತಾಳೆ. ನಡೆದ ಹಾಗೆ ಬಾವಿ ಹತ್ತಿರವಾಗುತ್ತದೆ. ರಾಟೆ ನಿಂತ ಸದ್ದಾಗುತ್ತದೆ. ಯಾರೋ, ತಂಗಿಯನ್ನು ನೋಡಿಯೇ ಇಲ್ಲದ ಹೊಸ ಸೊಸೆಯೊಬ್ಬಳು, ಬೆನ್ನ ಹಿಂದಿನಿಂದ ಊರಿಗೆಲ್ಲ ಕೇಳುವಂತೆ ಹೇಳುತ್ತಾಳೆ: "ಹಗ್ಗದವರ ಮನೆ ಕಿಟಕಿ. ನಾಳೆ ಬೆಳಿಗ್ಗೆ."

ಅವಳಿಗಳ ತಾಯಿ ಆ ಕ್ಷಣ ಮಾತು ನಿಲ್ಲಿಸುತ್ತಾಳೆ. ಗಂಟು ದಾಟಿದ ಸದ್ದಾದ ಮೇಲೆ, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಶುರುಮಾಡುತ್ತಾಳೆ, ದನಿ ತುಸು ಏರಿಸಿ, ಹಗ್ಗದಕ್ಕ ದೂರ ಹೋಗಿರುತ್ತಾಳಲ್ಲ.